ಹಳದಿ ಪುಟ, ಹಸಿರು ಪುಟ: ಕನ್ನಡ ವಿಕಿಸೋರ್ಸ್ ಬಳಸಿ ನೋಡಿದ್ದು

ಮಗಳ ಪ್ರಾಜೆಕ್ಟಿಗೆ ಕನ್ನಡ ವಿಶ್ವಕೋಶದ ಒಂದು ಲೇಖನ ಬೇಕಿತ್ತು. ಹತ್ತಿರದ ಗ್ರಂಥಾಲಯವೊಂದಕ್ಕೆ ಹೋದೆ. 14 ಸಂಪುಟಗಳೂ ಗಾಜಿನ ಬೀರುವಿನಲ್ಲಿ ಸಾಲಾಗಿ ಕೂತಿದ್ದವು. ಬೀಗದ ಕೈ ಇಟ್ಟುಕೊಂಡವರು ಮಾತ್ರ ರಜೆಯಲ್ಲಿದ್ದರು. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ಅದೇ ಲೇಖನ ಕನ್ನಡ ವಿಕಿಸೋರ್ಸ್‌ನಲ್ಲಿ ಪುಕ್ಕಟೆ ಸಿಕ್ಕಿತು. ವಿಕಿಸೋರ್ಸ್ ಅಂದರೆ ಅಚ್ಚಾದ ಪುಸ್ತಕಗಳ ಸ್ಕ್ಯಾನ್ ನೋಡಿ ಸ್ವಯಂಸೇವಕರು ಪಠ್ಯ ತಿದ್ದಿ, ಎಲ್ಲರಿಗೂ ಓದಲು ಇಡುವ ಜಾಲತಾಣ.

ವಿಶ್ವಕೋಶ ಮೈಸೂರು ವಿಶ್ವವಿದ್ಯಾನಿಲಯದ್ದು. 2014ರಲ್ಲಿ ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಅಂದರೆ ಮೂಲದ ಹೆಸರು ಹೇಳಿ ಯಾರು ಬೇಕಾದರೂ ನಕಲು ಮಾಡಬಹುದು, ಬಳಸಬಹುದು. ಬದಲಾಯಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೇ. ಒಂದು ಕಡೆ ಕುಲಪತಿ, ಸಿಂಡಿಕೇಟು, ಕಡತ. ಇನ್ನೊಂದು ಕಡೆ ಸಂಬಳವಿಲ್ಲದೆ ರಾತ್ರಿ ಕೂತು ಅಕ್ಷರ ತಿದ್ದುವ, ಒಬ್ಬರ ಮುಖ ಒಬ್ಬರು ನೋಡದ ಮಂದಿ. ಇವರಿಬ್ಬರ ಸಂಸಾರ ಹೇಗೆ ನಡೆಯುತ್ತದೆ ಅಂತ ಕುತೂಹಲವಾಯಿತು. ನಾನೂ ಖಾತೆ ತೆರೆದೆ.

ತಿದ್ದಲು ಕೂತರೆ ಪುಟದ ಸ್ಕ್ಯಾನ್ ಒಂದು ಬದಿ, ಯಂತ್ರ ಓದಿದ ಪಠ್ಯ ಇನ್ನೊಂದು ಬದಿ. ಯಂತ್ರಕ್ಕೆ ನಮ್ಮ ಲಿಪಿ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ‘ಪ’ ಇದ್ದಲ್ಲಿ ‘ವ’, ‘ನ’ ಇದ್ದಲ್ಲಿ ‘ಸ’. ಎಲ್ಲಕ್ಕಿಂತ ತಲೆನೋವು ಸೊನ್ನೆ. ‘ಕಂಬ’ದ ಅನುಸ್ವಾರದ ಜಾಗದಲ್ಲಿ ಅಂಕಿಯ ‘೦’ ಬಂದು ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಹುಡುಕಿದರೆ ಮಾತ್ರ ‘ಕಂಬ’ ಸಿಗುವುದಿಲ್ಲ! ನನಗೆ ಇದು ಗೊತ್ತಾಗಲು ಎರಡು ದಿನ ಬೇಕಾಯಿತು.

ತಿದ್ದಿ ಮುಗಿಸಿದರೆ ಪುಟದ ಗುರುತು ಕೆಂಪಿನಿಂದ ಹಳದಿಗೆ ಬರುತ್ತದೆ. ಹಸಿರು ಮಾಡುವ ಹಕ್ಕು ನನಗಿಲ್ಲ. ಬೇರೆ ಯಾರಾದರೂ ಇನ್ನೊಮ್ಮೆ ಓದಿ ಒಪ್ಪಬೇಕು. ಮೊದಲು ಕೋಪ ಬಂತು, ಇಷ್ಟು ಕಷ್ಟಪಟ್ಟಿದ್ದೀನಲ್ಲ ಅಂತ. ಆಮೇಲೆ ನೋಡಿದರೆ, ಪರಿಚಯವೇ ಇಲ್ಲದ ಒಬ್ಬರು ನನ್ನ ಪುಟದಲ್ಲಿ ನಾಲ್ಕು ತಪ್ಪು ತಿದ್ದಿ ಹಸಿರು ಮಾಡಿ ಹೋಗಿದ್ದರು. ಬೈಗುಳವಿಲ್ಲ, ಉಪದೇಶವಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಇನ್ನೊಂದು. ಒಂದು ಊರಿನ ಜನಸಂಖ್ಯೆ ತೀರಾ ಹಳೆಯದಿತ್ತು. ಹೊಸ ಅಂಕಿ ಹಾಕೋಣ ಅಂತ ಕೈ ತುರಿಸಿತು. ಇಲ್ಲಿ ಹಾಗೆ ಮಾಡುವ ಹಾಗಿಲ್ಲ. ಅಚ್ಚಿನಲ್ಲಿ ಏನಿದೆಯೋ ಅದೇ ಇರಬೇಕು. ಹೊಸದು ಸೇರಿಸಬೇಕಾದರೆ ವಿಕಿಪೀಡಿಯಕ್ಕೆ ಹೋಗಿ, ವಿಶ್ವಕೋಶದ ಹೆಸರು ಹೇಳಿ ಬರೆಯಬೇಕು. ಪುಸ್ತಕದ ಮಾತು ವಿಶ್ವವಿದ್ಯಾನಿಲಯದ್ದು, ತಿದ್ದುವ ಕೆಲಸ ಎಲ್ಲರದ್ದು. ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೂ ಹೀಗೊಂದು ಗೆರೆ ಇದ್ದಿದ್ದರೆ ಪಾರ್ಕಿಂಗ್ ಜಗಳ ಅರ್ಧ ಕಡಿಮೆಯಾಗುತ್ತಿತ್ತು.

ಕೊರತೆ ಇಲ್ಲ ಅಂತಲ್ಲ. ತಿದ್ದದ ಪುಟಕ್ಕೆ ಸಿಕ್ಕಿಹಾಕಿಕೊಂಡರೆ ಓದು ಕಲ್ಲು ಸಿಕ್ಕ ಅನ್ನದಂತೆ. ಫೋನಿನಲ್ಲಿ ಓದಬಹುದು, ತಿದ್ದುವುದು ನನ್ನ ದಪ್ಪ ಬೆರಳಿಗೆ ಆಗಲಿಲ್ಲ, ಲ್ಯಾಪ್‌ಟಾಪೇ ಬೇಕು. ಮಕ್ಕಳು ನೇರವಾಗಿ ನಕಲು ಮಾಡುವ ಮುಂಚೆ ಸ್ಕ್ಯಾನಿಗೆ ಹೋಲಿಸಿ ನೋಡಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೊನ್ನೆ ರಾತ್ರಿ ಮೂರು ಪುಟ ಹಳದಿ ಮಾಡಿದ್ದೇನೆ. ಇನ್ನೂ ಹಾಗೇ ಇವೆ. ಬಿಡುವಿದ್ದವರು ಒಂದು ಸಲ ಬಂದು ನೋಡಿ, ಸೊನ್ನೆಗಳ ಮೇಲೆ ಕಣ್ಣಿರಲಿ.