ಗಂಜಿನಲ್ಲಿ ನಾನು ಉಳ್ಳಾಗಡ್ಡಿ ಹಾಕುವ ಅಂಗಡಿ

ರಾಯಚೂರಿನ ಗಂಜಿನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಮೂರು ವರ್ಷದಿಂದ ಒಂದೇ ದಲಾಲಿ ಅಂಗಡಿಗೆ ಉಳ್ಳಾಗಡ್ಡಿ (ಈರುಳ್ಳಿ) ಹಾಕುತ್ತಿದ್ದೇನೆ. ನಾನು ದೇವದುರ್ಗ ಕಡೆಯವಳು, ಎರಡು ಎಕರೆ ಹೊಲ ಇದೆ.

ಮೊದಲು ತೂಕದ ಮಾತು. ಕಾಟಾದ ಅಂಕಿ ನಮಗೆ ಕಾಣುವಂತೆ ಇಟ್ಟಿದ್ದಾರೆ. ಸೂಟು ಅಂತ ಚೀಲಕ್ಕೆ ಒಂದೆರಡು ಕೆಜಿ ಮುರಿಯುವುದಿಲ್ಲ. ದಲಾಲಿಯನ್ನು ಖರೀದಿದಾರರಿಂದಲೇ ತಗೋತಾರೆ, ನಿಯಮ ಇರುವುದೂ ಹಾಗೇ ಅಲ್ವಾ? ಲೆಕ್ಕಕ್ಕೆ ಸಿಗದ ಬಿಳಿ ಚೀಟಿ ಇಲ್ಲ, ಪಕ್ಕಾ ಪಟ್ಟಿ (ಸರಿಯಾದ ಬಿಲ್ಲು) ಕೊಡುತ್ತಾರೆ. ಒಂದು ಸಲ ಮಾತ್ರ ದುಡ್ಡು ಬರಲು ಒಂಬತ್ತು ದಿನ ಆಯ್ತು. ಅದಕ್ಕೆ ಒಂದು ಸ್ಟಾರ್ ಕಡಿಮೆ.

ದರ ಸಿಗಲಿಲ್ಲ ಅಂತ ಈ ಅಂಗಡಿಯನ್ನು ಬೈಯುವವರನ್ನು ಕಂಡಿದ್ದೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. 2023ರ ಡಿಸೆಂಬರ್ 8ಕ್ಕೆ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತು ನಿಲ್ಲಿಸಿತು. ನಾನು ಅರವತ್ತು ಚೀಲ ತಂದದ್ದು ಅದರ ಮುಂದಿನ ಸೋಮವಾರ. ಎರಡು ವಾರದ ಹಿಂದೆ ಇದೇ ಅಂಗಡಿಯಲ್ಲಿ ನನ್ನ ಮೈದುನನಿಗೆ ಕ್ವಿಂಟಲಿಗೆ 3,400 ಸಿಕ್ಕಿತ್ತು. ನನ್ನ ಮಾಲಿಗೆ ಹರಾಜಿನ ಸವಾಲು 1,600ಕ್ಕೇ ನಿಂತಿತು. ಅಂಗಡಿಯ ಸಾಹುಕಾರರು ಎರಡನೇ ಸಲ ಕೂಗಿಸಿ ನೋಡಿದರು. ಆಮೇಲೆ, "ಅಕ್ಕಾರ, ತೂಕ ನನ್ನ ಕೈಯಾಗ ಐತ್ರಿ, ದರ ಇಲ್ರಿ" ಅಂದರು.

ಅವರು ಹೇಳಿದ್ದು ನಿಜ. ರಫ್ತು ನಿಂತರೆ ಮಾಲು ಇಲ್ಲೇ ಉಳಿದು ದರ ಬೀಳುತ್ತದೆ. ಆ ವರ್ಷ ಆಗಸ್ಟಿನಲ್ಲೇ ರಫ್ತಿಗೆ ಶೇ 40 ಸುಂಕ ಹಾಕಿದ್ದರು. ಐದು ರಾಜ್ಯಗಳ ಚುನಾವಣೆ ಮುಗಿದಿತ್ತು, ಲೋಕಸಭೆಯದು ಮುಂದಿತ್ತು. 1998ರಲ್ಲಿ ಉಳ್ಳಾಗಡ್ಡಿ ದರ ಏರಿದಾಗ ದೆಹಲಿ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಆಳುತ್ತಿದ್ದ ಪಕ್ಷ ಸೋತಿತ್ತು. ಆ ಹೆದರಿಕೆ ಯಾವ ಪಕ್ಷಕ್ಕೂ ಹೋಗಿಲ್ಲ. ಕೊಳ್ಳುವವರ ಓಟು ಜಾಸ್ತಿ, ಬೆಳೆಯುವವರದು ಕಡಿಮೆ. ನಿಷೇಧ ತೆಗೆದದ್ದು 2024ರ ಮೇ 4ಕ್ಕೆ. ನಮ್ಮ ರಾಯಚೂರಿನಲ್ಲಿ ಮತದಾನ ಇದ್ದದ್ದು ಮೇ 7ಕ್ಕೆ. ಅಷ್ಟರಲ್ಲಿ ನಮ್ಮ ಹತ್ತಿರ ಒಂದು ಗಡ್ಡೆಯೂ ಉಳಿದಿರಲಿಲ್ಲ. ಮುಂಗಾರಿನ ಮಾಲು ಮೇ ತನಕ ತಡೆಯುವುದಿಲ್ಲ, ಕೊಳೆಯುತ್ತದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಫ್ತು ಸುಂಕ ಶೇ 20ಕ್ಕೆ ಇಳಿಯಿತು. ನವೆಂಬರಿನಲ್ಲಿ ಮಹಾರಾಷ್ಟ್ರದ ಚುನಾವಣೆ ಇತ್ತು, ಉಳ್ಳಾಗಡ್ಡಿ ಬೆಳೆಯುವವರು ಅಲ್ಲೇ ಜಾಸ್ತಿ. ನಾವು ಬಿತ್ತುವುದು ಮಳೆ ನೋಡಿ, ದೆಹಲಿಯವರು ತೀರ್ಮಾನ ಮಾಡುವುದು ಮತದಾನದ ದಿನ ನೋಡಿ. ಆ ಸಿಟ್ಟನ್ನು ಸುಮ್ನೆ ಈ ಅಂಗಡಿಯ ಮೇಲೆ ತೀರಿಸಬೇಡಿ.

ಹೊಸದಾಗಿ ಹೋಗುವವರು ಗಡ್ಡೆಯನ್ನು ಚೆನ್ನಾಗಿ ಒಣಗಿಸಿ, ದಪ್ಪ ಸಣ್ಣ ಬೇರೆ ಮಾಡಿ ಒಯ್ಯಿರಿ. ಹಸಿ ಮಾಲಿಗೆ ಯಾರೂ ದರ ಏರಿಸುವುದಿಲ್ಲ. ತೂಕ ಆಗುವಾಗ ಕಾಟಾದ ಪಕ್ಕದಲ್ಲೇ ನಿಂತುಕೊಳ್ಳಿ, ಸಾಹುಕಾರರು ಬೇಸರ ಮಾಡಿಕೊಳ್ಳುವುದಿಲ್ಲ.