ಹಳೇ ಆಟೋಮ್ಯಾಟಿಕ್ ಕ್ರೋನೋಗ್ರಾಫ್ ಕಡಿಮೆಗೆ ಸಿಗ್ತದೆ ಅಂತ ಹಣ ಹಾಕುವ ಮೊದಲು ಇದನ್ನು ಓದಿ

ಮೊದಲ ಕ್ರೋನೋಗ್ರಾಫ್ ವಾಚ್ ತಗೊಳ್ಳಬೇಕು, ಆದರೆ ಹತ್ತು ಸಾವಿರ ದಾಟುವ ಹಾಗಿಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇನ್‌ಸ್ಟಾಗ್ರಾಮ್, ವಾಟ್ಸಾಪ್‌ಗಳಲ್ಲಿ "1970ರ ಜಪಾನ್ ಆಟೋಮ್ಯಾಟಿಕ್ ಕ್ರೋನೋಗ್ರಾಫ್, ಒರಿಜಿನಲ್ ಡಯಲ್, ಫುಲ್ ಸರ್ವಿಸ್ ಆಗಿದೆ" ಅಂತ ಏಳೆಂಟು ಸಾವಿರಕ್ಕೆ ವಾಚುಗಳು ಬರುತ್ತಿರುತ್ತವೆ. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಅಂಥದ್ದೊಂದನ್ನು ನನಗೆ ಮಾರಿ 8,500 ರೂಪಾಯಿ ನುಂಗಿದ್ದಾರೆ.

ಕ್ರೋನೋಗ್ರಾಫ್ ಅಂದರೆ ಸ್ಟಾಪ್‌ವಾಚ್ ಇರುವ ಕೈಗಡಿಯಾರ, ಅಷ್ಟೇ. ಎರಡು ಗಂಟೆಯ ಹತ್ತಿರದ ಗುಂಡಿ ಒತ್ತಿದರೆ ಉದ್ದದ ಸೆಕೆಂಡ್ ಮುಳ್ಳು ಓಡಬೇಕು. ಮತ್ತೆ ಒತ್ತಿದರೆ ನಿಲ್ಲಬೇಕು. ನಾಲ್ಕರ ಹತ್ತಿರದ ಗುಂಡಿ ಒತ್ತಿದರೆ ಸೊನ್ನೆಗೆ ಬರಬೇಕು. ನನಗೆ ಇದರ ಹುಚ್ಚು ಹಿಡಿಸಿದ್ದು ಕಂಬಳ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರುಗದ್ದೆಯನ್ನು) 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೂ ನೆನಪಿರಬಹುದು. ಆ ಲೆಕ್ಕ ಮಾಡುವುದು ಯಂತ್ರ, ಸೆಕೆಂಡಿನ ನೂರನೇ ಒಂದು ಭಾಗದವರೆಗೆ. ಮುಳ್ಳಿನ ಕೈಗಡಿಯಾರದಲ್ಲಿ ಸಾಮಾನ್ಯವಾಗಿ ಅಷ್ಟು ಆಗುವುದಿಲ್ಲ. ಆದರೂ ಓಟ ಮುಗಿಯುವ ಜಾಗವಾದ ಮಂಜೊಟ್ಟಿ ಹತ್ತಿರ ನಿಂತು ಕೋಣಗಳು ಹೊರಟಾಗ ಗುಂಡಿ ಒತ್ತಿ, ಬಂದು ಮುಟ್ಟಿದಾಗ ನಿಲ್ಲಿಸುವುದರಲ್ಲಿ ಒಂದು ಮಜಾ ಉಂಟು. ಫೋನಿನಲ್ಲಿ ಆಗ್ತದಲ್ವಾ ಅಂತ ಮನೆಯಲ್ಲಿ ಕೇಳಿದರು. ಆಗ್ತದೆ. ಅದು ಬೇರೆ ಮಾತು.

ನಾನು ಬಯಸಿದ್ದು ಸೀಕೋ ಕಂಪನಿಯ 6139 ಅನ್ನುವ ವಾಚು. ಅದರ ಕತೆ ಗೊತ್ತಾದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆಟೋಮ್ಯಾಟಿಕ್, ಅಂದರೆ ತಾನಾಗಿ ಕೀ ತುಂಬಿಕೊಳ್ಳುವ ಕ್ರೋನೋಗ್ರಾಫನ್ನು ಮೊದಲು ಯಾರು ಮಾಡುತ್ತಾರೆ ಅಂತ 1969ರಲ್ಲಿ ಪೈಪೋಟಿಯೇ ನಡೆದಿತ್ತು. ಸ್ವಿಸ್ ಕಂಪನಿಗಳಲ್ಲಿ ಜೆನಿತ್ ಒಂದು ಕಡೆ, ಹೊಯರ್ ಮತ್ತು ಬ್ರೈಟ್‌ಲಿಂಗ್ ಗುಂಪು ಇನ್ನೊಂದು ಕಡೆ, ಜಪಾನಿನಲ್ಲಿ ಸೀಕೋ. ಸೀಕೋ ಅದೇ ವರ್ಷ ಮಾರುಕಟ್ಟೆಗೆ ತಂದದ್ದೇ ಈ 6139. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೋದ ಗಗನಯಾತ್ರಿ ವಿಲಿಯಂ ಪೋಗ್ ಇದರ ಹಳದಿ ಡಯಲಿನ ವಾಚನ್ನು ಬಾಹ್ಯಾಕಾಶದಲ್ಲಿ ಕಟ್ಟಿಕೊಂಡಿದ್ದರು. ವಾಚು ನಿಜಕ್ಕೂ ಒಳ್ಳೆಯದು. ನನ್ನ ಸಿಟ್ಟು ಅದರ ಹೆಸರಲ್ಲಿ ಗುಜರಿ ಮಾರುವವರ ಮೇಲೆ.

ಸೆಲ್ಲರ್ ಪರ ಊರಿನವನು. ಮಾತು ಬೆಣ್ಣೆ. ಫೋಟೋ ಕಳಿಸಿದ, ವಿಡಿಯೋ ಕಳಿಸಿದ. ವಿಡಿಯೋದಲ್ಲಿ ಸೆಕೆಂಡ್ ಮುಳ್ಳು ಚೆನ್ನಾಗಿ ಓಡುತ್ತಿತ್ತು. ಗುಂಡಿ ಒತ್ತಿ ನಿಲ್ಲಿಸುವುದನ್ನೂ ತೋರಿಸಿದ. ಅಲ್ಲಿಗೆ ವಿಡಿಯೋ ಮುಗಿಯಿತು. ಸೊನ್ನೆಗೆ ತರುವುದನ್ನು ತೋರಿಸಿ ಅಂತ ಕೇಳಿದ್ದಕ್ಕೆ "ಎಲ್ಲ ಪರ್ಫೆಕ್ಟ್, ಏಳು ದಿನ ಚೆಕಿಂಗ್ ಗ್ಯಾರಂಟಿ ಇದೆ" ಅಂದ.

ಅವನ ಚಾಲಾಕಿ ಏನು ಅಂತ ಗೊತ್ತಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. 6139ರಲ್ಲಿ ಸಮಯ ತೋರಿಸುವುದಕ್ಕೆ ಬೇರೆ ಸೆಕೆಂಡ್ ಮುಳ್ಳು ಇಲ್ಲ. ಇರುವ ಒಂದೇ ಒಂದು ದೊಡ್ಡ ಸೆಕೆಂಡ್ ಮುಳ್ಳು ಸ್ಟಾಪ್‌ವಾಚಿನದ್ದು. ಅದು ಓಡುತ್ತಾ ಇದ್ದರೆ ವಾಚ್ ಸರಿ ಇದೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಕ್ರೋನೋಗ್ರಾಫ್ ಕೆಟ್ಟಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಓಡುವಾಗ ಅಲ್ಲ, ಸೊನ್ನೆಗೆ ಮರಳುವಾಗ. ಒಳಗೆ ಹೃದಯದ ಆಕಾರದ ಒಂದು ಸಣ್ಣ ಬಿಲ್ಲೆ ಇರುತ್ತದೆ. ಗುಂಡಿ ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಅದಕ್ಕೆ ಬಡಿದು ಮುಳ್ಳನ್ನು 12ಕ್ಕೆ ತಂದು ನಿಲ್ಲಿಸುತ್ತದೆ. ಏನಾದರೂ ಸವೆದಿದ್ದರೆ, ಸಡಿಲವಾಗಿದ್ದರೆ, ಅಲ್ಲಿ ಸಿಕ್ಕಿಬೀಳುತ್ತದೆ.

ಪಾರ್ಸೆಲ್ ಬಂತು. ನಾಲ್ಕರ ಗುಂಡಿ ಒತ್ತಿದೆ. ಮುಳ್ಳು 12 ದಾಟಿ ಮೂರನೇ ಸೆಕೆಂಡಿನ ಗೆರೆಯಲ್ಲಿ ನಿಂತಿತು. ಮತ್ತೆ ಓಡಿಸಿ ಒತ್ತಿದರೆ ಈ ಸಲ 12ಕ್ಕಿಂತ ಹಿಂದೆ. ಆರು ಗಂಟೆಯ ಜಾಗದಲ್ಲಿ 30 ನಿಮಿಷದವರೆಗೆ ಎಣಿಸುವ ಸಣ್ಣ ವೃತ್ತ ಇದೆಯಲ್ಲ, ಅದರ ಮುಳ್ಳು ಅಲ್ಲಾಡಲೇ ಇಲ್ಲ.

ಮಂಗಳೂರಿನ ಹಂಪನಕಟ್ಟೆ ಕಡೆ ಹಳೇ ವಾಚ್ ರಿಪೇರಿಯವರೊಬ್ಬರು ಇದ್ದಾರೆ. ವಯಸ್ಸಾದವರು, ಕೀ ಕೊಡುವ ವಾಚುಗಳ ಕಾಲದಿಂದ ಕೆಲಸ ಮಾಡಿದವರು. ಹಿಂಬದಿ ಮುಚ್ಚಳ ತೆಗೆದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. "ಇದರ ಒಳಗೆ ಎಂತ ಉಂಟು ಅಂತ ನಿಮಗೆ ನೋಡ್ಲಿಕ್ಕೆ ಉಂಟಾ?" ಅಂತ ಕೇಳಿ ನನಗೂ ತೋರಿಸಿದರು. ನನಗೆ ಅರ್ಥ ಆಗಲಿಲ್ಲ, ಅವರೇ ಬಿಡಿಸಿ ಹೇಳಿದರು. "ಮಿನಿಟಿನ ಮುಳ್ಳು ತಿರುಗಿಸುವ ಚಕ್ರವೇ ಇಲ್ಲ ಮಾರಾಯ್ರೆ. ಸೆಕೆಂಡಿನ ಮುಳ್ಳು ತೆಗೆದು ಹಾಕಿ ತೆಗೆದು ಹಾಕಿ ಬುಡ ಲೂಸ್ ಆಗಿದೆ. ಮೂರು ವಾಚಿನ ಸಾಮಾನು ಒಟ್ಟು ಮಾಡಿದ್ದು ಇದು. ಸರಿ ಮಾಡ್ಲಿಕ್ಕೆ ಪಾರ್ಟ್ಸ್ ಎಲ್ಲಿಂದ ತರುವುದು?" ಪಾರ್ಟ್ಸ್ ಹೊರದೇಶದಿಂದ ತರಿಸಿದರೂ ಖರ್ಚು ನಾನು ವಾಚಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಆಗ್ತದೆ ಅಂದರು. ನೋಡಿದ್ದಕ್ಕೆ ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ.

ಡಯಲ್ ಕೂಡ ಒರಿಜಿನಲ್ ಅಲ್ಲ. ಹೊಸದಾಗಿ ಪೇಂಟ್ ಹೊಡೆದು ಅಕ್ಷರ ಅಚ್ಚು ಹಾಕಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳ ಅಂಚು ಕಲಸಿಹೋಗಿವೆ. ಡಯಲಿನ ಕೆಳ ಅಂಚಿನಲ್ಲಿ ಇರಬೇಕಾದ ಸಣ್ಣ ಕೋಡ್ ಓದಲಿಕ್ಕೇ ಆಗುವುದಿಲ್ಲ. ಉಕ್ಕಿನ ಕೇಸನ್ನು ಪಾಲಿಶ್ ಮಾಡಿ ಮಾಡಿ ಮೂಲೆಗಳೆಲ್ಲ ಸೋಪಿನ ಹಾಗೆ ನುಣುಪಾಗಿವೆ. ವಾಚ್ ಸಂಗ್ರಹಿಸುವವರು ಇಂಥವನ್ನು "ಮುಂಬೈ ಸ್ಪೆಷಲ್" ಅಂತಲೇ ಕರೆಯುತ್ತಾರೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗಿಳಿ ಹಸಿರು ಬಣ್ಣದ ಹೊಚ್ಚ ಹೊಸ ಡಯಲ್, ಐವತ್ತು ವರ್ಷ ಹಳೇ ವಾಚಿನಲ್ಲಿ. ಅದೊಂದೇ ಸಾಕು ಅನುಮಾನ ಪಡಲಿಕ್ಕೆ.

ಹಣ ವಾಪಸ್ ಕೇಳಿದಾಗ ಸೆಲ್ಲರ್ ಹೇಳಿದ್ದು, ಮುಚ್ಚಳ ತೆಗೆಸಿದ ಮೇಲೆ ಗ್ಯಾರಂಟಿ ಇಲ್ಲ ಅಂತ. ತೆಗೆಸದೆ ಒಳಗೆ ಏನಿದೆ ಅಂತ ತಿಳಿಯುವುದು ಹೇಗೆ ಸ್ವಾಮೀ? ಆಮೇಲೆ ಬ್ಲಾಕ್ ಮಾಡಿದ.

ಇಷ್ಟಾದ ಮೇಲೂ ಹಳೇ ವಾಚೇ ಬೇಕು ಅನ್ನುವವರು ಪೂರ್ತಿ ವಿಡಿಯೋ ಕೇಳಿ. ಓಡಿಸಿ, ಒಂದು ನಿಮಿಷ ದಾಟುವವರೆಗೆ ಕಾದು, ನಿಮಿಷದ ಮುಳ್ಳು ಮುಂದೆ ಹೋಗುವುದನ್ನು ತೋರಿಸಿ, ನಿಲ್ಲಿಸಿ, ಸೊನ್ನೆಗೆ ತರಬೇಕು. ಮತ್ತೆ ಇನ್ನೊಂದು ಸಲ. ನಡುವೆ ಕಟ್ ಇರಬಾರದು. ಒಳಗಿನ ಮೆಷಿನಿನ ಫೋಟೋ ಕೇಳಿ. ಹಿಂಬದಿಯ ನಂಬರ್ ಕೇಳಿ. ಆ ಕಾಲದ ಸೀಕೋದಲ್ಲಿ ಆರಂಕಿ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಂದರೆ 42ರಿಂದ ಶುರುವಾದರೆ 1974ರ ಫೆಬ್ರವರಿ. ಕೊಡಲಿಕ್ಕೆ ನೆಪ ಹೇಳಿದರೆ ಬಿಟ್ಟುಬಿಡಿ. ನಿಜವಾಗಿ ಚೆನ್ನಾಗಿರುವ 6139 ಈ ರೇಟಿಗೆ ಸಿಗುವುದೂ ಇಲ್ಲ.

ಹೊಸ ಮೆಕ್ಯಾನಿಕಲ್ ಬೇಕು ಅಂದರೆ ಚೀನಾದ ಸೀಗಲ್ ಎಸ್‌ಟಿ19 ಮೆಷಿನಿನ ವಾಚುಗಳಿವೆ. ವೀನಸ್ 175 ಅನ್ನುವ ಹಳೇ ಸ್ವಿಸ್ ಮೆಷಿನಿನ ವಂಶದ್ದು, ಕೈಯಲ್ಲಿ ಕೀ ಕೊಡಬೇಕು, ನೋಡಲಿಕ್ಕೆ ಚಂದ. ಹೊರಗಿಂದ ತರಿಸಿದರೆ ಕಸ್ಟಮ್ಸ್ ಸೇರಿ ನಮ್ಮ ಬಜೆಟ್ ದಾಟುತ್ತದೆ. ಸರ್ವಿಸ್ ತಲೆನೋವು ಅಲ್ಲೂ ಇದ್ದದ್ದೇ.

ಹತ್ತು ಸಾವಿರದ ಆಸುಪಾಸಿನಲ್ಲಿ ಬುದ್ಧಿವಂತಿಕೆ ಅಂದರೆ ಕ್ವಾರ್ಟ್ಜ್, ಅಂದರೆ ಸೆಲ್ಲಿನಲ್ಲಿ ನಡೆಯುವ ವಾಚು. ಕ್ಯಾಸಿಯೋ ಎಡಿಫಿಸ್, ಸಿಟಿಜನ್, ಟೈಟನ್ ಇವುಗಳಲ್ಲಿ ಬಿಲ್ ಮತ್ತು ವಾರಂಟಿ ಸಮೇತ ಸಿಗುತ್ತವೆ. ಅಂಗಡಿಯಲ್ಲೇ ಗುಂಡಿ ಒತ್ತಿ ನೋಡಿ. ಇಲ್ಲಿಯೂ ಒಂದು ಬಲೆ ಉಂಟು. ಡಯಲಿನಲ್ಲಿ ಮೂರು ಸಣ್ಣ ವೃತ್ತ ಕಂಡ ಕೂಡಲೇ ಕ್ರೋನೋಗ್ರಾಫ್ ಅಂತ ನಂಬಬೇಡಿ. ವಾರ, ತಾರೀಕು, 24 ಗಂಟೆ ತೋರಿಸುವ "ಮಲ್ಟಿಫಂಕ್ಷನ್" ವಾಚುಗಳೂ ಹಾಗೆಯೇ ಕಾಣುತ್ತವೆ. ಅವುಗಳಲ್ಲಿ ಸ್ಟಾಪ್‌ವಾಚೇ ಇರುವುದಿಲ್ಲ. ಇನ್ನೂ ಅಗ್ಗದ ನಕಲಿಗಳಲ್ಲಿ ಆ ಮುಳ್ಳುಗಳು ಬರೇ ಅಲಂಕಾರ.

ನನ್ನನ್ನು ಕೇಳಿದರೆ ಸೀಕೋದ ವಿಕೆ63 ಅಥವಾ ವಿಕೆ64 ಮೆಷಿನ್ ಇರುವ ವಾಚು ಈ ಬಜೆಟಿಗೆ ಎಲ್ಲಕ್ಕಿಂತ ಒಳ್ಳೆಯದು. ಇದನ್ನು ಮೆಕಾ-ಕ್ವಾರ್ಟ್ಜ್ ಅನ್ನುತ್ತಾರೆ. ಸಮಯ ನಡೆಯುವುದು ಸೆಲ್ಲಿನಲ್ಲಿ, ಸ್ಟಾಪ್‌ವಾಚ್ ಭಾಗದಲ್ಲಿ ಮಾತ್ರ ಮೆಕ್ಯಾನಿಕಲ್ ವಾಚಿನ ಹಾಗೆ ಸುತ್ತಿಗೆ. ಗುಂಡಿ ಒತ್ತಿದರೆ ಮುಳ್ಳು ಟಕ್ ಅಂತ ಸೊನ್ನೆಗೆ ಹಾರುತ್ತದೆ. ಸೆಕೆಂಡಿಗೆ ಐದು ಹೆಜ್ಜೆ ಇಡುತ್ತದೆ, ಕಂಬಳಕ್ಕೆ ಸಾಕು. ಸೆಕೆಂಡಿಗೆ ಒಂದೇ ಹೆಜ್ಜೆ ಇಡುವ ವಾಚಿನಲ್ಲಿ ಹದಿಮೂರೋ ಹದಿನಾಲ್ಕೋ ಅಂತಷ್ಟೇ ಗೊತ್ತಾಗುವುದು. ಒಂದು ಎಚ್ಚರಿಕೆ: ಮಾಮೂಲಿ ಕ್ವಾರ್ಟ್ಜಿನಲ್ಲಿ ಮುಳ್ಳು 12ರಿಂದ ಸರಿದಿದ್ದರೆ ಹೆಚ್ಚಾಗಿ ಕ್ರೌನ್ (ಸಮಯ ಸರಿಮಾಡುವ ತಿರುಪು) ಹೊರಗೆಳೆದು ಗುಂಡಿ ಒತ್ತಿ ನಾವೇ ಸರಿಮಾಡಬಹುದು. ಮೆಕಾ-ಕ್ವಾರ್ಟ್ಜಿನಲ್ಲಿ ಹಾಗಾಗುವುದಿಲ್ಲ, ಬಿಚ್ಚಿ ಮುಳ್ಳು ಕೂರಿಸಬೇಕು. ಆದ್ದರಿಂದ ಕೊಳ್ಳುವಾಗಲೇ ನೋಡಿಕೊಳ್ಳಿ.

ಮತ್ತೆ ನಮ್ಮ ಕರಾವಳಿಯ ಮಾತು. ಕ್ರೋನೋಗ್ರಾಫಿನಲ್ಲಿ ಎರಡು ಗುಂಡಿ ಅಂದರೆ ನೀರು ನುಗ್ಗಲಿಕ್ಕೆ ಎರಡು ದಾರಿ ಜಾಸ್ತಿ. ವಾಚಿನ ಮೇಲೆ ವಾಟರ್ ರೆಸಿಸ್ಟೆಂಟ್ 30 ಮೀಟರ್ ಅಂತ ಬರೆದಿದ್ದರೆ ಕೈ ತೊಳೆಯುವಾಗಿನ ಹನಿಗೆ ಸಾಕು, ಜುಲೈ ತಿಂಗಳ ಮಳೆಯಲ್ಲಿ ಬೈಕಿನಲ್ಲಿ ಹೋಗುವವರಿಗೆ ಸಾಲದು. 100 ಮೀಟರಿನದ್ದು ಸಿಕ್ಕರೆ ಒಳ್ಳೆಯದು. ಆಗಲೂ ಮಲ್ಪೆಯಲ್ಲೋ ಪಣಂಬೂರಲ್ಲೋ ನೀರಿಗೆ ಇಳಿದಾಗ ಗುಂಡಿ ಒತ್ತಬೇಡಿ. ಉಪ್ಪು ನೀರು ತಾಗಿದ್ದರೆ ಸಿಹಿ ನೀರಿನಲ್ಲಿ ತೊಳೆಯಿರಿ. ಚರ್ಮದ ಬೆಲ್ಟ್ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಸ್ಟೀಲ್ ಅಥವಾ ರಬ್ಬರ್ ಇರಲಿ.

ಈಗಾಗಲೇ ನನ್ನ ಹಾಗೆ ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಹಣ ತೆಗೆದುಕೊಂಡು ವಸ್ತುವನ್ನೇ ಕಳಿಸದಿದ್ದರೆ ಸೈಬರ್ ವಂಚನೆಯ 1930ಕ್ಕೆ, ಅದೂ ತಡ ಮಾಡದೆ. ಬಿಲ್ ಇಲ್ಲದಿದ್ದರೂ ಯುಪಿಐ ರಸೀದಿ, ಚಾಟ್, ಅವನು ಕಳಿಸಿದ ಫೋಟೋ, ವಿಡಿಯೋ, ಪಾರ್ಸೆಲ್ ಮೇಲಿನ ವಿಳಾಸ ಎಲ್ಲ ತೆಗೆದಿಡಿ. ಸ್ಕ್ರೀನ್‌ಶಾಟನ್ನು ಹಣ ವಾಪಸ್ ಕೇಳುವ ಮೊದಲೇ ತೆಗೆದುಬಿಡಿ. ಕೇಳಿದ ಮೇಲೆ ಆ ಕಡೆಯಿಂದ ಮೆಸೇಜುಗಳು ಒಂದೊಂದಾಗಿ ಡಿಲೀಟ್ ಆಗುತ್ತವೆ.