ಅಮೋನಿಯಾ ಲೀಕ್ ಡಿಟೆಕ್ಟರಿಗೆ ಲೈಟರ್ ಹಿಡಿದು ಡೆಮೊ ಕೊಟ್ಟರೆ ದುಡ್ಡು ಕೊಡಬೇಡಿ

ಕೋಲ್ಡ್ ಸ್ಟೋರೇಜ್ ನಡೆಸುವವರು, ಕಂಪ್ರೆಸರ್ ರೂಮಿನಲ್ಲಿ ಡ್ಯೂಟಿ ಮಾಡುವವರು ದಯವಿಟ್ಟು ಪೂರ್ತಿ ಓದಿ. ಅಮೋನಿಯಾ ಅಂದರೆ ಸ್ಟೋರೇಜನ್ನು ತಂಪಾಗಿಡುವ ಗ್ಯಾಸ್, ಸೋರಿದರೆ ವಿಷ. ಬ್ಯಾಡಗಿ ಕಡೆಯ ನಮ್ಮ ಮೆಣಸಿನಕಾಯಿ ಸ್ಟೋರೇಜಿಗೆ ಡಿಟೆಕ್ಟರ್ ಕೊಟ್ಟ ಡೀಲರ್ ಕೊಟೇಶನ್‌ನಲ್ಲಿ ‘ಎಲೆಕ್ಟ್ರೋಕೆಮಿಕಲ್ ಸೆನ್ಸರ್, 0–100 ಪಿಪಿಎಂ’ ಅಂತ ಬರೆದಿದ್ದ (ಪಿಪಿಎಂ ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಗ್ಯಾಸ್ ಎಷ್ಟು ಭಾಗ ಅನ್ನುವ ಲೆಕ್ಕ). ಬಂದದ್ದು ಬೇರೆಯೇ ಮಾಲು.

ಫಿಟ್ಟಿಂಗ್ ಮುಗಿಸಿ ಅವನು ಲೈಟರ್ ತೆಗೆದ, ಬೆಂಕಿ ಹಚ್ಚದೆ ಬರೀ ಗ್ಯಾಸನ್ನು ಸೆನ್ಸರ್ ಮುಂದೆ ಬಿಟ್ಟ. ಹೂಟರ್ ಕೂಗಿತು. ‘ನೋಡ್ರಿ ಸಾವಕಾರ್ರ, ಹೆಂಗ್ ಕೂಗ್ತು!’ ಅಂದ. ಮೋಸ ಇರುವುದೇ ಅಲ್ಲಿ. ಲೈಟರಿನಲ್ಲಿರುವುದು ಬ್ಯೂಟೇನ್. ನಿಜವಾದ ಅಮೋನಿಯಾ ಸೆಲ್, ಅಂದರೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್, ಬ್ಯೂಟೇನಿಗೆ ಕೂಗುವುದಿಲ್ಲ. ಕೂಗಿತು ಅಂದರೆ ಒಳಗಿರುವುದು ಅಗ್ಗದ ಸೆಮಿಕಂಡಕ್ಟರ್ ಸೆನ್ಸರ್. ಥಿನ್ನರ್, ಸ್ಪಿರಿಟ್, ಎಲ್‌ಪಿಜಿ, ಯಾವುದಕ್ಕೆ ಬೇಕಾದರೂ ಕೂಗುತ್ತದೆ.

ಆಮೇಲೆ ಪೇಂಟ್ ಹೊಡೆದಾಗ ಕೂಗಿತು. ಕಂಪ್ರೆಸರಿನ ಶಾಫ್ಟ್ ಸೀಲ್ ಸೋರಿ ಕಣ್ಣು ಉರಿಯುವಾಗ ಡಿಸ್‌ಪ್ಲೇಯಲ್ಲಿ 0! ಡಬ್ಬಿ ಬಿಚ್ಚಿದರೆ ಒಳಗೆ ಜಾಳಿಗೆ ಇರುವ ಪುಟ್ಟ ಲೋಹದ ಬುರುಡೆ, ಮುಟ್ಟಿದರೆ ಬಿಸಿ. ಹೀಟರ್ ಇರುವ ಸೆಮಿಕಂಡಕ್ಟರಿನ ಗುರುತು ಅದು. ಎಲೆಕ್ಟ್ರೋಕೆಮಿಕಲ್ ಸೆಲ್ ಬಿಸಿಯಾಗುವುದಿಲ್ಲ. ಸಾಮಾನ್ಯವಾಗಿ ಪ್ಲಾಸ್ಟಿಕ್ ಮೈ, ಮೇಲೆ ಬಿಳಿ ಪೊರೆ, ಕೆಳಗೆ ಪಿನ್ನುಗಳು.

ಫೋನ್ ಮಾಡಿದರೆ ಉತ್ತರ ಕೇಳಿ. ‘ಅಲಾರಂ ಬರ್ತೈತಲ್ರಿ, ಇನ್ನೇನ್ ಬೇಕ್ರಿ?’ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ (ರೀಡಿಂಗ್ ಸರಿಯಿದೆ ಅಂತ ತಾಳೆ ನೋಡಿದ ಪತ್ರ) ಎಲ್ಲಿ ಅಂದರೆ, ‘ಅದೆಲ್ಲ ಬೇಕಾಗಂಗಿಲ್ರಿ, ಐದ್ ವರ್ಷ ಗ್ಯಾರಂಟಿ.’ ಅಮೋನಿಯಾ ಸೆಲ್ ಸಾಮಾನ್ಯವಾಗಿ ಬಾಳುವುದೇ ಎರಡು ವರ್ಷದ ಆಸುಪಾಸು, ದೊಡ್ಡ ಲೀಕ್ ಕುಡಿದರೆ ಅದೂ ಇಲ್ಲ. ಐದು ವರ್ಷ ಅಂದಾಗಲೇ ಸುಳ್ಳು ಗೊತ್ತಾಗುತ್ತದೆ. ಕೊನೆಗೆ, ‘ನಿಮ್ಮಲ್ಲಿ ಮೆಣಸಿನಕಾಯಿ ಘಾಟು ಭಾಳ ಐತ್ರಿ, ಸೆನ್ಸರ್ ಕನ್‌ಫ್ಯೂಸ್ ಆಗತೈತಿ.’ ಮೆಣಸಿನಕಾಯಿ ಸ್ಟೋರೇಜಿಗೆ ಅಂತಲೇ ಮಾರಿದವನು ಹೇಳುವ ಮಾತಾ ಇದು?

ಇನ್ನೊಂದು. ಸೆನ್ಸರನ್ನು ನೆಲದಿಂದ ಒಂದು ಅಡಿ ಮೇಲೆ ಕೂರಿಸಿ ಹೋಗಿದ್ದ. ಕೇಳಿದರೆ ‘ಎಲ್ಲಾ ಗ್ಯಾಸಿಗೂ ಇದೇ ಹೈಟ್ ರೀ’ ಅಂತೆ. ಅದು ಫ್ರಿಯಾನ್ ಹೈಟ್! ಆರ್-22, ಆರ್-404ಎ ತರಹದ ಫ್ರಿಯಾನ್ ಕೂಲಿಂಗ್ ಗ್ಯಾಸುಗಳು ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತವೆ. ಅಮೋನಿಯಾ ಹಗುರ, ಮೇಲೇರುತ್ತದೆ. ಒಂದು ಸೆನ್ಸರ್ ಚಾವಣಿ ಹತ್ತಿರ, ಎಕ್ಸಾಸ್ಟ್‌ಗೆ ಗಾಳಿ ಹೋಗುವ ದಾರಿಯಲ್ಲಿರಲಿ. ಇನ್ನೊಂದು ಕಂಪ್ರೆಸರ್ ಸೀಲಿನ ಮೇಲ್ಗಡೆ. ಲಿಕ್ವಿಡ್ ಲೈನ್ ಒಡೆದರೆ ಮಾತ್ರ ತಣ್ಣನೆಯ ಬಿಳಿ ಮಂಜಾಗಿ ನೆಲದ ಮೇಲೆ ಹರಿಯುತ್ತದೆ, ಹಾಗಾಗಿ ಲಿಕ್ವಿಡ್ ರಿಸೀವರ್ (ದ್ರವ ಅಮೋನಿಯಾ ತುಂಬಿರುವ ಟ್ಯಾಂಕ್) ಹತ್ತಿರ ಕೆಳಗೂ ಒಂದು ಬೇಕು.

ದುಡ್ಡು ಕೊಡುವ ಮೊದಲು ಟೆಸ್ಟ್ ಗ್ಯಾಸ್ ತರಿಸಿ: 50 ಪಿಪಿಎಂ ಅಮೋನಿಯಾ ಸಿಲಿಂಡರ್, ರೆಗ್ಯುಲೇಟರ್, ಸೆನ್ಸರಿಗೆ ಕೂರುವ ಕಪ್. ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ಬಿಟ್ಟರೆ ಒಂದೆರಡು ನಿಮಿಷದಲ್ಲಿ ರೀಡಿಂಗ್ 50ರ ಹತ್ತಿರ ನಿಲ್ಲಬೇಕು. ಆಮೇಲೆ ಲೈಟರ್ ಗ್ಯಾಸ್ ಬಿಡಿ, ಕೂಗಬಾರದು. ಸರ್ಟಿಫಿಕೇಟಿನ ಸೀರಿಯಲ್ ನಂಬರ್ ಡಬ್ಬಿ ಮೇಲಿನದಕ್ಕೆ ತಾಳೆ ಆಗಬೇಕು. ಮೊದಲ ಅಲಾರಂ 25 ಪಿಪಿಎಂಗೆ ಇಡಿಸಿ. 300 ಪಿಪಿಎಂ ಅಂದರೆ ಜೀವಕ್ಕೇ ಅಪಾಯ. ಮೂಗನ್ನು ನಂಬಿ ಕೂರಬೇಡಿ, ದಿನಾ ಅಲ್ಲೇ ಇರುವವರಿಗೆ ವಾಸನೆ ಗೊತ್ತಾಗುವುದು ಕಡಿಮೆಯಾಗುತ್ತದೆ. ಹೂಟರ್ ಒಂದು ಬಾಗಿಲ ಹೊರಗೂ ಇರಲಿ, ಪ್ಯಾನಲಿಗೆ ಬ್ಯಾಟರಿ ಬ್ಯಾಕಪ್ ಇರಲಿ. ಇದಕ್ಕೆಲ್ಲ ‘ಬೇಕಾಗಂಗಿಲ್ರಿ’ ಅಂದವನನ್ನು ಗೇಟಿನಿಂದಲೇ ವಾಪಸ್ ಕಳಿಸಿ.